ಬೇಗೂರಿನ ಕಲ್ಲು ಹೇಳುವ ಮನೆಮಂದಿಯ ಕಥೆ

ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಎಂದು ಜಯನಗರದಲ್ಲೋ ಬನಶಂಕರಿಯಲ್ಲೋ ಯಾವ ಶಾಲೆಯ ಮಕ್ಕಳನ್ನು ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳರ ವೀರಬಲ್ಲಾಳ, ಗುಡಿಸಲಿನ ಅಜ್ಜಿ, ಆಕೆ ಕೊಟ್ಟ ಬೆಂದ ಕಾಳು, ಅದರಿಂದ ಬೆಂದಕಾಳೂರು. ಕಥೆ ಸೊಗಸಾಗಿದೆ. ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿರುವ ಕಥೆ. ಆದರೆ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅದಕ್ಕೂ ಸುಮಾರು 280 ವರ್ಷ ಮೊದಲೇ ‘ಬೆಂಗುಳೂರು’ ಎಂಬ ಹೆಸರನ್ನು ಯಾರೋ ಒಬ್ಬರು ಕಲ್ಲಿನ ಮೇಲೆ ಕೆತ್ತಿಬಿಟ್ಟಿದ್ದರು.

ಆ ಕಲ್ಲು ಇರುವುದು ಜಯನಗರದಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಬೇಗೂರಿನಲ್ಲಿ. ಊರಿನ ಹೆಸರನ್ನು ಮುಂದಿನವರಿಗೆ ತಿಳಿಸಬೇಕೆಂದು ಯಾರೂ ಅದನ್ನು ನೆಡಲಿಲ್ಲ. ಅದು ಸಾವಿನ ಸುದ್ದಿ ಹೇಳುವ ಕಲ್ಲು. ಒಂದು ಕಾಳಗದಲ್ಲಿ ಒಂದೇ ಮನೆಯ ಇಬ್ಬರು ಸತ್ತರು, ಅವರ ನೆನಪಿಗೆ ಕಲ್ಲು ನಿಂತಿತು. ಕಾಳಗ ಎಲ್ಲಿ ನಡೆಯಿತು ಎಂದು ಹೇಳುವಾಗ ಬೆಂಗಳೂರಿನ ಹೆಸರು ಬಂತು, ಅಷ್ಟೆ. ಇಂದಿನ ಮಹಾನಗರ ತನ್ನ ಹೆಸರಿನ ಅತ್ಯಂತ ಹಳೆಯ ದಾಖಲೆಯನ್ನು ಪಡೆದದ್ದು ಹೀಗೆ, ಒಂದು ಮನೆಯ ದುಃಖದಿಂದ.

ಕೆರೆಯ ದಂಡೆಯ ಊರು

ಬಿ.ಟಿ.ಎಂ. ಬಡಾವಣೆಯನ್ನು ದಾಟಿ ಹೊಸೂರು ರಸ್ತೆಗೆ ಬಂದರೆ ಬೊಮ್ಮನಹಳ್ಳಿ. ಅಲ್ಲಿಂದ ಬಲಕ್ಕೆ ಹೊರಳುವುದು ಬೇಗೂರು ರಸ್ತೆ. ಇಕ್ಕೆಲದಲ್ಲೂ ಅಂಗಡಿ, ಬಹುಮಹಡಿ ಕಟ್ಟಡ, ಬಾಡಿಗೆ ಮನೆಗಳ ಫಲಕ. ಹಳೆಯ ಊರು ಎಲ್ಲಿದೆಯೆಂದು ಹುಡುಕಬೇಕಾದಷ್ಟು ಹೊಸ ಊರು ಬೆಳೆದುಬಿಟ್ಟಿದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ಮೇಲೆ ಬೇಗೂರು ನಗರದ ಒಂದು ಭಾಗವೇ ಆಯಿತು. ಆದರೂ ಕೆರೆಯ ಹತ್ತಿರ ಬಂದಾಗ ಗಾಳಿ ಬದಲಾಗುತ್ತದೆ. ವಿಸ್ತಾರವಾದ ಕೆರೆ, ಅದರ ಸಮೀಪದಲ್ಲಿ ನಾಗೇಶ್ವರ ದೇವಾಲಯ, ಊರಿನೊಳಗೆ ಹಳೆಯ ಮಣ್ಣಿನ ಕೋಟೆಯ ಅವಶೇಷ. ಇಲ್ಲಿ ಒಂದು ಕಾಲಕ್ಕೆ ಬಾಳಿ ಬದುಕಿದ ಊರೊಂದಿತ್ತು ಎಂದು ಅವು ಸಾಕ್ಷಿ ಹೇಳುತ್ತವೆ.

ದೇವಾಲಯದಲ್ಲಿ ಐದು ಲಿಂಗಗಳಿರುವುದರಿಂದ ಜನ ಇದನ್ನು ಪಂಚಲಿಂಗೇಶ್ವರ ಎಂದೂ ಕರೆಯುತ್ತಾರೆ. ನಾಗೇಶ್ವರ ಮತ್ತು ನಗರೇಶ್ವರ ಗುಡಿಗಳು ತಲಕಾಡಿನ ಗಂಗರ ಕಾಲದವು. ಉಳಿದವು ನಂತರದ ಚೋಳರ ಕಾಲದಲ್ಲಿ ಸೇರಿದವು. ಚೋಳೇಶ್ವರ ಎಂಬ ಹೆಸರೇ ಅದನ್ನು ಹೇಳುತ್ತದೆ. ನಾಗೇಶ್ವರ ಗುಡಿಯ ಮಂಟಪದಲ್ಲಿ ತಲೆಯೆತ್ತಿ ನೋಡಿದರೆ ಛಾವಣಿಯಲ್ಲಿ ಅಷ್ಟದಿಕ್ಪಾಲಕರು ತಮ್ಮ ತಮ್ಮ ವಾಹನಗಳೊಡನೆ ಕಾಣುತ್ತಾರೆ. ಗಂಗರ ಶಿಲ್ಪಿಗಳ ಕೈಚಳಕ ನೋಡಲು ಶ್ರವಣಬೆಳಗೊಳದವರೆಗೆ ಹೋಗಲಾಗದ ಮಕ್ಕಳಿಗೆ ಈ ಛಾವಣಿ ಒಳ್ಳೆಯ ಪಾಠ.

ಆದರೆ ಇಲ್ಲಿಗೆ ಬಂದವರು ದೇವರ ದರ್ಶನ ಮುಗಿಸಿ ಹಾಗೆಯೇ ಹಿಂತಿರುಗಬಾರದು. ಆವರಣದಲ್ಲಿರುವ ಶಾಸನಗಳ ಮುಂದೆ, ವೀರಗಲ್ಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಬೇಗೂರಿನ ಯುದ್ಧಸ್ಮಾರಕ ಅವೇ.

ನಾಲ್ಕು ಮಾತಿನ ಸುದ್ದಿ

ಬೆಂಗಳೂರಿನ ಹೆಸರಿರುವ ಶಾಸನ ತೀರ ಚಿಕ್ಕದು. ದೊರೆಗಳ ಬಿರುದಾವಳಿ ಅದರಲ್ಲಿಲ್ಲ, ಹೊಗಳಿಕೆಯ ಪದ್ಯಗಳಿಲ್ಲ. ಅದು ಹೇಳುವುದು ಇಷ್ಟು: ನಾಗತ್ತರನೆಂಬ ನಾಯಕನ ‘ಮನೆವಗತಿ’ಯಾದ ಪೆರ್ವೊಣಸೆಟ್ಟಿ, ಮತ್ತು ನಾಗತ್ತರನ ಮಗ ಬುಟ್ಟಣಪತಿ, ಬೆಂಗುಳೂರ ಕಾಳೆಗದಲ್ಲಿ ಸತ್ತರು. ಮಗನ ಹೆಸರು ಕೆಲವು ಪುಸ್ತಕಗಳಲ್ಲಿ ಬುಟ್ಟಣಸೆಟ್ಟಿ ಎಂದೂ ಕಾಣುತ್ತದೆ. ಕಾಲ ಕ್ರಿ.ಶ. 890ರ ಸುಮಾರು. ಕೆಂಪೇಗೌಡರು 1537ರಲ್ಲಿ ತಮ್ಮ ಕೋಟೆ-ಪೇಟೆಗಳನ್ನು ಕಟ್ಟುವುದಕ್ಕೆ ಆರೂವರೆ ಶತಮಾನ ಮೊದಲು.

ಹತ್ತನೆಯ ತರಗತಿಯ ವಿದ್ಯಾರ್ಥಿ ಈ ಶಾಸನದ ಅಕ್ಷರಗಳನ್ನು ಓದಲಾರ, ಅಂದಿನ ಲಿಪಿಯ ರೂಪವೇ ಬೇರೆ. ಆದರೆ ಯಾರಾದರೂ ಓದಿ ಹೇಳಿದರೆ ಮಾತುಗಳು ಅವನಿಗೆ ಅರ್ಥವಾಗುತ್ತವೆ. ‘ಮಗಂ’ ಎಂದರೆ ಮಗ. ‘ಕಾಳೆಗ’ ಎಂದರೆ ಕಾಳಗ. ‘ಸತ್ತಂ’ ಎಂದರೆ ಸತ್ತನು. ವೀರಸ್ವರ್ಗ ಸೇರಿದ, ದೇವಲೋಕ ಪಡೆದ ಎಂಬಂಥ ದೊಡ್ಡ ಮಾತುಗಳು ಇಲ್ಲಿಲ್ಲ. ಮನೆಯಲ್ಲಿ ಮಗನನ್ನು ಕಳೆದುಕೊಂಡವರು ಹೇಳುವಂತೆ, ಸತ್ತಂ ಎಂದಷ್ಟೇ ಇದೆ. ಹನ್ನೊಂದು ಶತಮಾನಗಳಲ್ಲಿ ರಾಜ್ಯಗಳು ಬಂದುಹೋದವು. ಈ ಮೂರು ಮಾತು ಮಾತ್ರ ಕನ್ನಡದಲ್ಲಿ ಹೆಚ್ಚು ಕಡಿಮೆ ಹಾಗೆಯೇ ಉಳಿದಿವೆ.

‘ಮನೆವಗತಿ’ ಎಂಬ ಮಾತು ಈಗ ಬಳಕೆಯಲ್ಲಿಲ್ಲ. ಮನೆಯ ಸೇವಕ, ಮನೆಯ ಆಳು ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಗಮನಿಸಬೇಕಾದದ್ದು ಇಲ್ಲಿಯೇ. ನಾಯಕನ ಮಗನ ಹೆಸರನ್ನು ಕೆತ್ತಿದ ಕಲ್ಲಿನಲ್ಲೇ ಮನೆಯಾಳಿನ ಹೆಸರೂ ಇದೆ, ಅದೂ ಮಗನ ಹೆಸರಿಗಿಂತ ಮೊದಲು. ಕಾಳಗದಲ್ಲಿ ಒಟ್ಟಿಗೆ ನಿಂತವರನ್ನು ಕಲ್ಲಿನಲ್ಲಿ ಬೇರೆ ಮಾಡಬೇಕೆಂದು ಆ ಮನೆಯವರಿಗೆ ಅನ್ನಿಸಲಿಲ್ಲ.

ತಂದೆಯ ಕಲ್ಲು ಎಲ್ಲಿದೆ?

ನಾಗತ್ತರನ ಕಥೆ ಮಗನ ಸಾವಿನೊಂದಿಗೆ ಮುಗಿಯುವುದಿಲ್ಲ. ಬೇಗೂರಿನಲ್ಲಿಯೇ ದೊರೆತ ಇನ್ನೊಂದು ವೀರಗಲ್ಲು ಅದನ್ನು ಮುಂದುವರಿಸುತ್ತದೆ. ಗಾತ್ರದಲ್ಲೂ ಶಿಲ್ಪದಲ್ಲೂ ಬಹಳ ದೊಡ್ಡದಾದ ಈ ಕಲ್ಲನ್ನು ಬೇಗೂರಿನಿಂದ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ನೂರು ವರ್ಷಕ್ಕೂ ಮೇಲಾಯಿತು. ಜೆ.ಎಫ್. ಫ್ಲೀಟ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಇದರ ಪಾಠವನ್ನು ಪ್ರಕಟಿಸಿದ್ದರು.

ಅದರಲ್ಲಿರುವ ಸಂಗತಿ ಹೀಗಿದೆ. ಗಂಗವಾಡಿ ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದ ಎರೆಯಪ್ಪರಸ, ವೀರಮಹೇಂದ್ರನೆಂಬವನ ಮೇಲೆ ಯುದ್ಧಕ್ಕೆ ನಿಂತ ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಸೈನ್ಯದೊಡನೆ ಕಳಿಸಿದ. ತುಂಬೆಪಾಡಿ ಎಂಬಲ್ಲಿ ಕಾಳಗವಾಯಿತು. ಕಾಳಗ ಕೈಮೀರಿದಾಗ ನಾಗತ್ತರ ಆನೆಗಳ ಸಾಲಿಗೇ ನುಗ್ಗಿ ಹೋರಾಡಿ ಮಡಿದ. ಕಲ್ಲಿನ ಮೇಲೆ ಆನೆ, ಕುದುರೆ, ಕಾಲಾಳುಗಳ ನೂಕುನುಗ್ಗಲು ಕಣ್ಣಿಗೆ ಕಟ್ಟುವಂತೆ ಕೆತ್ತಲ್ಪಟ್ಟಿದೆ. ಯುದ್ಧವೆಂದರೆ ಎಂಥ ಗೊಂದಲ ಎಂಬುದು ಅದನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಬೇಗೂರಿನ ಕಲ್ಲುಗಳಲ್ಲಿ ಬರುವ ನಾಗತ್ತರ ಒಬ್ಬನೇ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಎಣಿಸುತ್ತಾರೆ. ಅವರು ಹಾಕಿರುವ ಕಾಲದ ಲೆಕ್ಕವನ್ನು ಒಪ್ಪುವುದಾದರೆ, ಮಗನನ್ನೂ ಮನೆಯಾಳನ್ನೂ ಬೆಂಗಳೂರಿನ ಕಾಳಗದಲ್ಲಿ ಕಳೆದುಕೊಂಡ ತಂದೆಯೇ ಮುಂದೆ ಇನ್ನೊಂದು ಕಾಳಗದಲ್ಲಿ ತಾನೂ ಬಿದ್ದ. ಈ ಮನೆಯ ಮತ್ತೊಬ್ಬರ ಹೆಸರೂ ಬೇಗೂರಿನ ಶಾಸನದಲ್ಲಿ ಉಳಿದಿದೆ. ಅವಳು ನಾಗತ್ತರನ ಮಗಳು ತೊಂಡಬ್ಬೆ. ಜೈನ ಧರ್ಮದ ಸಲ್ಲೇಖನ ವ್ರತವನ್ನು ಕೈಗೊಂಡು ಅವಳು ದೇಹತ್ಯಾಗ ಮಾಡಿದಳು. ತಂದೆ, ಮಗ, ಮಗಳು, ಮನೆಯಾಳು, ಹೀಗೆ ನಾಲ್ವರನ್ನು ಬೇಗೂರಿನ ಕಲ್ಲುಗಳು ಇಂದಿಗೂ ಹೆಸರು ಹಿಡಿದು ಕರೆಯುತ್ತವೆ.

ಉಳಿದವರ ಹೊಣೆ

ಸತ್ತವನಿಗೆ ಕಲ್ಲು ನಿಲ್ಲಿಸಿದರೆ ಸಾಕೇ? ಮನೆಯಲ್ಲಿ ಉಳಿದವರ ಗತಿಯೇನು? ಈ ಪ್ರಶ್ನೆ ಅಂದಿನವರಿಗೂ ಇತ್ತು. ವಸ್ತುಸಂಗ್ರಹಾಲಯದ ಕಲ್ಲು ಅದಕ್ಕೂ ಉತ್ತರ ಕೊಡುತ್ತದೆ. ನಾಗತ್ತರ ಸತ್ತ ಸುದ್ದಿ ಕೇಳಿದ ಎರೆಯಪ್ಪರಸ, ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಬೆಂಪೂರು ಎಂದರೆ ಇಂದಿನ ಬೇಗೂರು. ಅದು ಮತ್ತು ಅದಕ್ಕೆ ಸೇರಿದ ಹಳ್ಳಿಗಳು ಕೂಡಿ ‘ಹನ್ನೆರಡು’. ಆ ಹಳ್ಳಿಗಳ ಹೆಸರುಗಳನ್ನೂ ಶಾಸನ ಒಂದೊಂದಾಗಿ ಎಣಿಸುತ್ತದೆ.

ಹಳಗನ್ನಡದ ಶಾಸನಗಳಲ್ಲಿ ಇಂಥ ಕೊಡುಗೆಗೆ ಹಲವು ಹೆಸರುಗಳಿವೆ. ಮಡಿದ ವೀರನ ಮನೆಯವರಿಗೆ ಕೊಟ್ಟ ಭೂಮಿ ‘ನೆತ್ತರುಗೊಡಗೆ’. ಕತ್ತಿಯನ್ನು ತೊಳೆದು ಕೊಡುವ ದತ್ತಿ ‘ಬಾಳ್ಗಳ್ಚು’, ಬಾಳ್ ಎಂದರೆ ಕತ್ತಿ. ಕಲ್ಲು ನೆಟ್ಟು ಕೊಟ್ಟ ನೆಲ ‘ಕಲ್ನಾಡು’. ಹೆಸರು ಯಾವುದಾದರೂ ಅರ್ಥ ಒಂದೇ. ಒಬ್ಬ ಊರಿಗಾಗಿ ಪ್ರಾಣ ಕೊಟ್ಟರೆ ಅವನ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ಉಳಿದವರ ಹೊಣೆ. ಇಂದು ಯೋಧರ ಕುಟುಂಬಕ್ಕೆ ದೊರೆಯುವ ಪಿಂಚಣಿಯ ಹಿಂದಿರುವುದೂ ಇದೇ ತಿಳಿವಳಿಕೆ. ಎಲ್ಲ ಕಲ್ಲುಗಳ ಹಿಂದೆಯೂ ಹನ್ನೆರಡು ಹಳ್ಳಿಗಳ ದತ್ತಿ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಕರ್ನಾಟಕದಲ್ಲಿ ತುರುಗಳನ್ನು ಕಾಯುತ್ತ, ಊರ ಹೆಣ್ಣುಮಕ್ಕಳ ಮಾನ ಕಾಯುತ್ತ ಸತ್ತವರ ಸಾವಿರಾರು ವೀರಗಲ್ಲುಗಳಿವೆ. ಅವುಗಳಲ್ಲಿ ಅಕ್ಷರವೇ ಇಲ್ಲದವು ಎಷ್ಟೋ. ಅಲ್ಲಿ ಶಿಲ್ಪವೇ ಭಾಷೆ. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿಯಲ್ಲಿ ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಸೂರ್ಯ ಚಂದ್ರರು ಇರುವ ತನಕ ಈ ಹೆಸರು ಇರಲಿ ಎಂಬ ಹಾರೈಕೆ ಅದು.

ಕಲ್ಲನ್ನು ಓದುವ ಬಗೆ

ಇಂಥ ಶಾಸನದ ಮೇಲೆ ಇಸವಿ ಕಾಣದಿದ್ದರೆ ಕಾಲವನ್ನು ಹೇಗೆ ಹೇಳುತ್ತಾರೆ? ಮಕ್ಕಳು ಕೇಳಲೇಬೇಕಾದ ಪ್ರಶ್ನೆ ಇದು. ಕಲ್ಲಿನ ವಯಸ್ಸನ್ನು ಅಳೆದು ಪ್ರಯೋಜನವಿಲ್ಲ. ಬೆಂಗಳೂರಿನ ನೆಲದಡಿಯ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ. ಲಾಲ್‌ಬಾಗಿನ ಗುಡ್ಡ ಅದೇ ಬಂಡೆಯ ತುಣುಕು. ನಮಗೆ ಬೇಕಾದದ್ದು ಕೆತ್ತನೆಯ ವಯಸ್ಸು. ಅದಕ್ಕೆ ಎರಡು ದಾರಿ. ಶಾಸನದಲ್ಲಿ ದೊರೆಯ ಹೆಸರಿದ್ದರೆ ಅವನ ಆಳ್ವಿಕೆಯ ಕಾಲ ಒಂದು ಆಧಾರ. ಅಕ್ಷರಗಳ ಆಕಾರ ಇನ್ನೊಂದು. ಒಬ್ಬ ಹುಡುಗನ ಮೂರನೆಯ ತರಗತಿಯ ಕಾಪಿ ಪುಸ್ತಕವನ್ನೂ ಹತ್ತನೆಯ ತರಗತಿಯ ನೋಟ್ಸನ್ನೂ ತಾಯಿ ಬೇರೆ ಬೇರೆ ಗುರುತಿಸುವಂತೆ, ಲಿಪಿತಜ್ಞರು ಅಕ್ಷರದ ತಲೆಕಟ್ಟು, ಬಾಗು, ಬಳುಕು ನೋಡಿ ಶತಮಾನವನ್ನು ಗುರುತಿಸುತ್ತಾರೆ. ಇಸವಿ ತಿಳಿದ ಶಾಸನಗಳ ಅಕ್ಷರಗಳೊಡನೆ ಹೋಲಿಸಿ ಅವರು ಈ ತೀರ್ಮಾನಕ್ಕೆ ಬರುತ್ತಾರೆ. ‘ಸುಮಾರು’ ಎಂಬ ಮಾತು ಬರುವುದು ಅದಕ್ಕೇ.

ಸವೆದ ಅಕ್ಷರವನ್ನು ಓದಲು ಬೆಳಕು ಬೇಕು, ಅದೂ ಓರೆಯಾಗಿ ಬೀಳುವ ಬೆಳಕು. ನಡುಮಧ್ಯಾಹ್ನದ ಬಿಸಿಲಲ್ಲಿ ನೆಲದ ಮೇಲೆ ಮಲಗಿರುವ ಕಲ್ಲು ಬರೀ ಚಪ್ಪಡಿಯಂತೆ ಕಾಣುತ್ತದೆ. ಬೆಳಗ್ಗೆಯೋ ಸಂಜೆಯೋ ಬಂದರೆ ಅದೇ ಕಲ್ಲಿನ ಪ್ರತಿಯೊಂದು ಗೀರಿನ ಒಳಗೂ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕತ್ತಲೆ ಕೋಣೆಯಲ್ಲಿ ಹಳೆಯ ಸವೆದ ನಾಣ್ಯವೊಂದನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಮೊದಲು ಮೇಲಿನಿಂದ, ಆಮೇಲೆ ಮೇಜಿಗೆ ತಾಗುವಷ್ಟು ಕೆಳಗಿನಿಂದ ಬಿಟ್ಟು ನೋಡಿದರೆ ಸಾಕು.

ಶಾಸನ ಹುಡುಕುವವರ ಹಳೆಯ ವಿಧಾನವೆಂದರೆ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತಾರೆ. ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಮೇಲೆ ಶಾಯಿ ಹಚ್ಚಿದಾಗ ಉಬ್ಬಿದ ಭಾಗ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಅವರು ಊರೂರಿನ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದರು. ಬೆಂಗಳೂರು ಜಿಲ್ಲೆಯ ಸಂಪುಟ 1905ರದು. ಬೆಂಗಳೂರಿನ ಹೆಸರಿರುವ ಬೇಗೂರು ಶಾಸನವನ್ನು ಬೆಳಕಿಗೆ ತಂದವರು ಅವರ ನಂತರ ಪ್ರಾಕ್ತನ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು. ಅವರೆಲ್ಲ ಆ ಕಾಲದಲ್ಲಿ ಕಾಗದಕ್ಕೆ ಇಳಿಸದೆ ಇದ್ದಿದ್ದರೆ, ಈಗ ಕಾಣೆಯಾಗಿರುವ ಎಷ್ಟೋ ಕಲ್ಲುಗಳ ಮಾತು ನಮಗೆ ತಿಳಿಯುತ್ತಲೇ ಇರಲಿಲ್ಲ.

ಮಣ್ಣಿನಡಿ ಸೇರುವ ಹೆಸರುಗಳು

ಕಾಣೆಯಾಗುತ್ತಿರುವುದು ನಿಜ. ರೈಸ್ ಅವರು ಗುರುತಿಸಿದ ಅನೇಕ ಶಾಸನಗಳು ಅವರು ಹೇಳಿದ ಜಾಗದಲ್ಲಿ ಈಗಿಲ್ಲ. ಕೆರೆ ಬಡಾವಣೆಯಾಯಿತು, ಹೊಲ ನಿವೇಶನವಾಯಿತು, ಕಲ್ಲು ಪಾಯಕ್ಕೋ ಮೆಟ್ಟಿಲಿಗೋ ಚರಂಡಿಯ ಹಾಸಿಗೋ ಹೋಯಿತು. ಉಳಿದವುಗಳಲ್ಲಿ ಕೆಲವು ಭಕ್ತಿಯಿಂದಲೇ ಸವೆಯುತ್ತಿವೆ. ಎಣ್ಣೆ, ಕುಂಕುಮ, ಮೇಲೆ ಬಣ್ಣ. ಮಳೆನೀರು ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಮೆಲ್ಲಗೆ ಜೇಡಿಯಾಗಿ ಬದಲಿಸುತ್ತದೆ. ಅದು ಸಾವಿರಾರು ವರ್ಷದ ಕೆಲಸ. ಜೆಸಿಬಿ ಯಂತ್ರಕ್ಕೆ ಬೇಕಾದದ್ದು ಅರ್ಧ ನಿಮಿಷ.

ಒಳ್ಳೆಯ ಸುದ್ದಿಯೂ ಇದೆ. ನಗರದ ಉತ್ತರದ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ, ಕ್ರಿ.ಶ. 750ರ ಸುಮಾರಿನ ಆ ಕಲ್ಲು ಊರಿನ ಮೇಲೆ ದಾಳಿಯಾದಾಗ ಹೋರಾಡಿ ಮಡಿದ ಕಿತ್ತಯ್ಯನ ನೆನಪಿನದು. ಬೇಗೂರಿನ ಬೆಂಗಳೂರು ಶಾಸನಕ್ಕಿಂತಲೂ ಹಳೆಯದು. ಇತಿಹಾಸಾಸಕ್ತ ನಾಗರಿಕರು ಸೇರಿ ಅದಕ್ಕೆ ಕಲ್ಲಿನ ಮಂಟಪವನ್ನೇ ಕಟ್ಟಿಸಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಈಚಿನ ವರ್ಷಗಳಲ್ಲಿ ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸುತ್ತಿದೆ. ಹಿಂದೆ ಓರೆ ಬಿಸಿಲಿಗಾಗಿ ಕಾಯುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರಿನಲ್ಲಿ ಯಾವ ದಿಕ್ಕಿನಿಂದ ಬೇಕಾದರೂ ಬೆಳಕು ಬಿಟ್ಟು ಮಾಡಬಹುದು.

ಇದರಲ್ಲಿ ಶಾಲಾ ಮಕ್ಕಳ ಪಾಲೂ ಇದೆ. ಅಜ್ಜಿಯ ಊರಿನ ಅರಳಿಕಟ್ಟೆಯ ಹಿಂದೆ, ಹೊಲದ ಬದುವಿನಲ್ಲಿ, ಹಾಳು ಗುಡಿಯ ಪಕ್ಕದಲ್ಲಿ ಕತ್ತಿ ಹಿಡಿದ ವೀರನ ಕಲ್ಲು ಕಂಡರೆ ಅದರ ಫೋಟೊ ತೆಗೆದು, ಜಾಗವನ್ನು ಬರೆದಿಟ್ಟುಕೊಂಡು, ಶಾಲೆಯ ಮೂಲಕ ಪುರಾತತ್ವ ಇಲಾಖೆಗೆ ತಿಳಿಸಬಹುದು. ಕಲ್ಲನ್ನು ಕೆರೆಯುವುದು, ಬಣ್ಣ ತುಂಬುವುದು, ಮೇಲೆ ಹತ್ತಿ ಕೂರುವುದು ಬೇಡ. ಅದು ಒಬ್ಬರ ಮನೆಯ ಹಿರಿಯರ ಹೆಸರು.

ಹೆಸರು ಕೆತ್ತುವ ಪದ್ಧತಿ ಇಂದಿಗೂ ನಿಂತಿಲ್ಲ. 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದವರೂ ಇದ್ದರು. ಆ ಮಹಾಯುದ್ಧದಲ್ಲಿ ಮಡಿದ ದಳದವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದ ಬಳಿ ಇದೆ. ಬ್ರಿಗೇಡ್ ರಸ್ತೆಯ ತುದಿಯಲ್ಲಿ ಅದೇ ಯುದ್ಧದ ಇನ್ನೊಂದು ಸ್ಮಾರಕಸ್ತಂಭವಿದೆ. ನೆಹರೂ ತಾರಾಲಯದ ಸಮೀಪದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರದ ಯೋಧರ ಹೆಸರುಗಳನ್ನು ಕಲ್ಲಿನಲ್ಲಿ ಸಾಲಾಗಿ ಕೆತ್ತಿದ್ದಾರೆ. ಬೇಗೂರಿನಿಂದ ಅಲ್ಲಿಯವರೆಗಿನ ಹನ್ನೊಂದು ಶತಮಾನದಲ್ಲಿ ಆಯುಧಗಳು ಗುರುತು ಸಿಗದಷ್ಟು ಬದಲಾದವು. ಮನೆಯವರ ಬೇಡಿಕೆ ಮಾತ್ರ ಬದಲಾಗಿಲ್ಲ. ನಮ್ಮವನ ಹೆಸರು ಅಳಿಯದಿರಲಿ ಎಂಬುದೇ ಅದು.

ಬೇಗೂರಿಗೆ ಹೋಗುವುದು ಈಗ ಸುಲಭ. 2025ರ ಆಗಸ್ಟಿನಲ್ಲಿ ಆರಂಭವಾದ ಮೆಟ್ರೊ ಹಳದಿ ಮಾರ್ಗದಲ್ಲಿ ಜಯನಗರದ ಆರ್.ವಿ. ರಸ್ತೆಯಿಂದ ಹೊರಟು ಬೊಮ್ಮನಹಳ್ಳಿ ಅಥವಾ ಹೊಂಗಸಂದ್ರದಲ್ಲಿ ಇಳಿದರೆ, ಅಲ್ಲಿಂದ ಬಸ್ಸಿನಲ್ಲೋ ಆಟೊದಲ್ಲೋ ಕೆಲವೇ ಕಿಲೋಮೀಟರ್. ಜೆ.ಪಿ. ನಗರದ ಕಡೆಯವರು ಬನ್ನೇರುಘಟ್ಟ ರಸ್ತೆಯ ಹುಳಿಮಾವಿನ ಮೂಲಕವೂ ಬರಬಹುದು. ಬೆಳಗ್ಗೆ ಬೇಗ ಬಂದರೆ ದೇವಾಲಯವೂ ತೆರೆದಿರುತ್ತದೆ, ಓರೆ ಬಿಸಿಲೂ ಇರುತ್ತದೆ. ತಂದೆಯ ಕಲ್ಲನ್ನು ನೋಡಲು ಕಸ್ತೂರಬಾ ರಸ್ತೆಗೆ ಹೋಗುವವರು ವಸ್ತುಸಂಗ್ರಹಾಲಯ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಲ್ಲಿನ ಮುಂದೆ ನಿಂತಾಗ ದೊಡ್ಡವರು ಮಕ್ಕಳಿಗೆ ಬೆಂಗಳೂರಿನ ಹೆಸರನ್ನು ತೋರಿಸುವುದು ಸಹಜ. ಅದರ ಜೊತೆಗೆ ಉಳಿದ ಎರಡು ಹೆಸರುಗಳನ್ನೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಲಿ: ಪೆರ್ವೊಣಸೆಟ್ಟಿ, ಬುಟ್ಟಣಪತಿ. ಕಲ್ಲು ನೆಟ್ಟವರು ಕೇಳಿದ್ದು ಅಷ್ಟನ್ನೇ.